ಇಂಗ್ಲಿಷಿನಲ್ಲಿ ವರ್ಬ್, ಅದರ ಆಬ್ಜೆಕ್ಟ್ (‘ಹಿಮ್’, ‘ಮಿ’ ಥರದ್ದು) ಆದಮೇಲೆ ‘ಟು’ ಬರುತ್ತಾ, ‘ಇಂಗ್’ ಬರುತ್ತಾ? ವರ್ಬ್ ಪಟ್ಟಿ ಬಾಯಿಪಾಠ ಮಾಡೋಕೆ ಸುಲಭ ದಾರಿ ಇದೆಯಾ?

ಮೊದಲು ಆ ಪಟ್ಟಿಯನ್ನು ಗೋಡೆಯಿಂದ ಕೀಳಿ. ಒಂದು ಸಾಲಿಗೆ ‘ಟು’, ಇನ್ನೊಂದಕ್ಕೆ ‘ಇಂಗ್’ ಅಂತ ಬರೆದು ಉರು ಹೊಡೆಯುತ್ತಿದ್ದೀನಿ, ಆದರೂ ಮಾತಾಡುವಾಗ ಬರಲ್ಲ ಅಂದಿದ್ದೀರಿ. ನಾನೂ ಅದನ್ನೇ ಮಾಡಿದವನು.

ಆಗ ನಂಜನಗೂಡಿನ ಕಡೆ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದೆ. ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ. ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯೋದು ಅಂದರೆ ಕೈ ಬೆವರುತ್ತಿತ್ತು. ಅದಕ್ಕೇ ಪಟ್ಟಿ ಹಿಡಿದೆ. ನನ್ನ ಪಟ್ಟಿಯಲ್ಲಿ ‘ಸೀ’ ಇದ್ದದ್ದು ‘ಇಂಗ್’ ಸಾಲಿನಲ್ಲಿ. ‘ಸೀ’ ಬಂತಾ, ಆಮೇಲೆ ಆಳು, ಆಮೇಲೆ ‘ಇಂಗ್’. ಅಷ್ಟೇ ಗೊತ್ತಿದ್ದದ್ದು.

ಒಂದು ರಾತ್ರಿ ಪಾಳಿಯಲ್ಲಿ ಸಾಲ್ವೆಂಟ್ ಲೈನ್ ಸೋರಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ರಿಪೋರ್ಟ್ ಬರೆಯಲೇಬೇಕಲ್ವಾ. ಆಪರೇಟರ್ ವಾಲ್ವ್ ಮುಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಎರಡೂ ಕೈ ಹಾಕಿ ವೀಲ್ ತಿರುಗಿಸಿದ. ಬಿಗಿಯಾದ ಮೇಲೂ ಇನ್ನೊಂದು ಸಲ ಜಗ್ಗಿ ನೋಡಿದ. ಬಟ್ಟೆಯಲ್ಲಿ ಕೈ ಒರೆಸಿಕೊಂಡು ಆಮೇಲೆ ಹೋದ. ನಾನು ಬರೆದದ್ದು: ‘ಐ ಸಾ ದಿ ಆಪರೇಟರ್ ಕ್ಲೋಸಿಂಗ್ ದಿ ವಾಲ್ವ್.’

ಗ್ರಾಮರ್ ಲೆಕ್ಕದಲ್ಲಿ ಈ ವಾಕ್ಯ ಸರಿಯಾಗೇ ಇದೆ. ಯಾವ ಟೀಚರೂ ಕೆಂಪು ಗೆರೆ ಎಳೆಯಲ್ಲ. ಆದರೆ ಇದು ಹೇಳೋದು ಏನು? ಅವನು ಮುಚ್ಚುತ್ತಾ ಇದ್ದ, ನನ್ನ ಕಣ್ಣಿಗೆ ಬಿತ್ತು, ಅಷ್ಟೇ. ಪೂರ್ತಿ ಮುಚ್ಚಿದನಾ ಇಲ್ವಾ ಅಂತ ಇದರಲ್ಲಿ ಇಲ್ಲ. ನಾನು ನೋಡಿಕೊಂಡು ಹಾಗೇ ಮುಂದೆ ಹೋಗಿರಬಹುದು. ಮೊದಲಿಂದ ಕೊನೆವರೆಗೆ ನೋಡಿದ್ದರೆ ‘ಸಾ ದಿ ಆಪರೇಟರ್ ಕ್ಲೋಸ್ ದಿ ವಾಲ್ವ್’ ಅನ್ನಬೇಕು. ‘ಟು’ ಇಲ್ಲ, ‘ಇಂಗ್’ ಇಲ್ಲ, ಬರೀ ‘ಕ್ಲೋಸ್’. ‘ಹಿಯರ್’, ‘ವಾಚ್’, ‘ನೋಟಿಸ್’ ಇವಕ್ಕೂ ಹೀಗೇ. ನನ್ನ ಪಟ್ಟಿಯಲ್ಲಿ ಈ ಮೂರನೆಯ ಸಾಲೇ ಇರಲಿಲ್ಲ.

ವಿಚಾರಣೆಗೆ ಬಂದ ಆಡಿಟರ್ ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು, ‘ಪೂರ್ತಿ ಮುಚ್ಚುವವರೆಗೆ ನೀವು ಅಲ್ಲಿರಲಿಲ್ಲ, ಅಲ್ವಾ?’ ಅಂದರು. ಇದ್ದೆ ಸರ್ ಅಂದೆ. ‘ಮತ್ತೆ ಹೀಗ್ಯಾಕೆ ಬರೆದಿದ್ದೀರಿ?’ ಏನು ಹೇಳಲಿ? ಸೋರಿದ್ದು ವಾಲ್ವಿಂದ ಅಲ್ಲ, ಪೈಪ್ ಜೋಡಿಸುವ ಫ್ಲೇಂಜಿನ ಗ್ಯಾಸ್ಕೆಟ್ ಹೋಗಿತ್ತು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮೇಲ್ವಿಚಾರಣೆ ಸಾಲದು ಅಂತ ನನ್ನ ಫೈಲಿನಲ್ಲಿ ಬರೆದಾಗಿತ್ತು. ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಪಾಪ, ಆಪರೇಟರಿಗೂ ಮೆಮೊ ಕೊಟ್ಟರು.

ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ಕನ್ನಡದಲ್ಲಿ ಬರೆಯಿರಿ ಅಂದಿದ್ದರೆ ‘ಮುಚ್ಚಿದ್ದನ್ನು ನೋಡಿದೆ’ ಅಂತ ಯೋಚನೆ ಮಾಡದೆ ಬರೆಯುತ್ತಿದ್ದೆ. ‘ಮುಚ್ಚುತ್ತಾ ಇದ್ದದ್ದನ್ನು ನೋಡಿದೆ’ ಅಂತ ಬರೆಯುತ್ತಲೇ ಇರಲಿಲ್ಲ.

ಹಾಗಾಗಿ ‘ಟು’ನಾ ‘ಇಂಗ್’ಆ ಅಂತ ಕೇಳೋದೇ ಬೇಡ. ಆ ಮನುಷ್ಯ ಕೆಲಸ ಇನ್ನೂ ಮಾಡಬೇಕಾ, ಮಾಡುತ್ತಾ ಇದ್ದಾನಾ, ಮುಗಿಸಿದನಾ ಅಂತ ಕೇಳಿಕೊಳ್ಳಿ. ‘ವಾಂಟ್’, ‘ಆಸ್ಕ್’, ‘ಅಲೋ’, ‘ಎಕ್ಸ್‌ಪೆಕ್ಟ್’, ‘ರಿಮೈಂಡ್’ ಇವುಗಳಲ್ಲಿ ಕೆಲಸ ಇನ್ನೂ ಮುಂದಿದೆ. ಅದಕ್ಕೇ ‘ಆಸ್ಕ್ಡ್ ಹಿಮ್ ಟು ವೇಟ್’. ‘ಕ್ಯಾಚ್’, ‘ಕೀಪ್’ ಬಂದರೆ ಕೆಲಸ ನಡೆಯುತ್ತಾ ಇದೆ, ‘ಕೆಪ್ಟ್ ಮಿ ವೇಟಿಂಗ್’. ಎಲ್ಲ ವರ್ಬೂ ಇದಕ್ಕೆ ಬಗ್ಗಲ್ಲ, ನಿಜ. ‘ಹೋಗೋಕೆ ಬಿಡು’ ಅಂದು ಅಭ್ಯಾಸವಾದ ನಮ್ಮ ನಾಲಿಗೆ ‘ಲೆಟ್ ಹಿಮ್ ಟು ಗೋ’ ಅಂದುಬಿಡುತ್ತದೆ. ಆಗಬೇಕಾದ್ದು ‘ಲೆಟ್ ಹಿಮ್ ಗೋ’. ‘ಮೇಡ್ ಮಿ ವೇಟ್’ ಕೂಡ ಹಾಗೇ. ತಮಾಷೆ ಅಂದರೆ, ಈ ‘ಮೇಡ್’ ವಾಕ್ಯವನ್ನು ಪ್ಯಾಸಿವ್ ಮಾಡಿದ ಕೂಡಲೇ ‘ಟು’ ವಾಪಸ್ ಬಂದು ಕೂರುತ್ತದೆ: ‘ಐ ವಾಸ್ ಮೇಡ್ ಟು ವೇಟ್’.

ಬಿಟ್ಟ ಸ್ಥಳ ತುಂಬುವ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಮನೆಯಲ್ಲಿ, ಆಫೀಸಿನಲ್ಲಿ ಇವತ್ತು ಯಾರು ಯಾರಿಂದ ಏನು ಮಾಡಿಸಿದರು, ಯಾರು ಏನು ಮಾಡುವಾಗ ಸಿಕ್ಕಿಬಿದ್ದರು, ಅದನ್ನೇ ವಾಕ್ಯ ಮಾಡಿ ಜೋರಾಗಿ ಹೇಳಿ. ‘ಮೈ ಮದರ್ ವಾಂಟ್ಸ್ ಮಿ ಟು ಗೆಟ್ ಮ್ಯಾರಿಡ್’ ಅಂತ ಸಿಟ್ಟಲ್ಲಿ ನಾಲ್ಕು ಸಲ ಅಂದವನ ಬಾಯಲ್ಲಿ ‘ವಾಂಟ್ಸ್ ದಟ್ ಐ ಶುಡ್’ ಅನ್ನೋ ತಪ್ಪು ಮತ್ತೆ ಬರಲ್ಲ.

ಪರೀಕ್ಷೆ ಹತ್ತಿರ ಬಂತು ಅಂತಲೂ ಬರೆದಿದ್ದೀರಿ. ಹಾಗಾದರೆ ನಮ್ಮವರು ಜಾಸ್ತಿ ಎಡವುವ ಎರಡನ್ನು ಮೊದಲು ಹಿಡಿಯಿರಿ. ‘ಸಜೆಸ್ಟೆಡ್ ಮಿ ಟು ಗೋ’ ಅಲ್ಲ, ‘ಸಜೆಸ್ಟೆಡ್ ದಟ್ ಐ ಗೋ’. ‘ಸೆಡ್ ಹಿಮ್ ಟು ಕಮ್’ ಅಲ್ಲ, ‘ಟೋಲ್ಡ್ ಹಿಮ್ ಟು ಕಮ್’. ಉಳಿದದ್ದನ್ನು ಪರೀಕ್ಷೆ ಮುಗಿದ ಮೇಲೆ ನೋಡಿಕೊಳ್ಳಿ.