ಏಳು ವಾರದ ನಾಟಿ ಮರಿ: ಹುಂಜವೋ ಹೇಂಟೆಯೋ?

ನಿಮ್ಮ ಪ್ರಶ್ನೆ ಇಷ್ಟು. ಸಂತೆಯಿಂದ ಎಂಟು ನಾಟಿ ಮರಿ ತಂದಿರಿ. ಮಾರಿದವನು ಎಲ್ಲವೂ ಹೇಂಟೆ ಎಂದು ಆಣೆ ಮಾಡಿದ. ಈಗ ಮರಿಗಳಿಗೆ ಏಳು ವಾರ. ಮೂರಕ್ಕೆ ಜುಟ್ಟು ಕೆಂಪಗೆ ಎದ್ದಿದೆ. ಒಂದು ಕರಿ ಮರಿಯದು ಮಾತ್ರ ಏನೂ ಗೊತ್ತಾಗುತ್ತಿಲ್ಲ. ಪಕ್ಕದ ಮನೆಯವರಿಗೆ ಬೆಳಗಿನ ಜಾವದ ಕೂಗು ಆಗಿಬರಲ್ಲ, ಹಾಗಾಗಿ ಹುಂಜ ಯಾವುದು ಅಂತ ಈಗಲೇ ತಿಳಿಯಬೇಕು.

ಮೊದಲು ಆ ಆಣೆಯನ್ನು ಮರೆತುಬಿಡಿ. ನಾನು ಹದಿನೈದು ವರ್ಷದಿಂದ ಹಿತ್ತಲಲ್ಲಿ ಕೋಳಿ ಸಾಕುತ್ತಿದ್ದೇನೆ. ಬುಟ್ಟಿಯೊಳಗಿನ ವಾರದ ನಾಟಿ ಪಿಳ್ಳೆ ನೋಡಿ ಹುಂಜ, ಹೇಂಟೆ ಹೇಳಲು ನನ್ನಿಂದ ಆಗಲ್ಲ, ಅವನಿಂದಲೂ ಆಗಲ್ಲ. ಎಂಟರಲ್ಲಿ ನಾಲ್ಕು ಹುಂಜ ಅಂದುಕೊಂಡೇ ತರಬೇಕು. ಎರಡು ಹೆಚ್ಚುಕಮ್ಮಿ ಆಗಬಹುದು, ಅಷ್ಟೆ.

ಏಳು ವಾರಕ್ಕೆ ಜುಟ್ಟು ಎಷ್ಟರ ಮಟ್ಟಿಗೆ ನಂಬಬಹುದು? ಒಂದೇ ತಾಯಿಯ, ಒಂದೇ ದಿನ ಒಡೆದ ಮರಿಗಳಾದರೆ ಸಾಕಷ್ಟು ನಂಬಬಹುದು. ಹುಂಜದ ಮರಿಗೆ ನಾಲ್ಕರಿಂದ ಆರು ವಾರದೊಳಗೆ ಜುಟ್ಟು ದಪ್ಪವಾಗಿ, ಗುಲಾಬಿಯಿಂದ ಕೆಂಪಿಗೆ ತಿರುಗುತ್ತದೆ. ಕೊಕ್ಕಿನ ಕೆಳಗೆ ಜೋಲುವ ಮಾಂಸವೂ ಚಿಗುರುತ್ತದೆ. ಅಕ್ಕತಂಗಿಯರದು ಆಗ ಇನ್ನೂ ಸಣ್ಣಗೆ, ಹಳದಿ ಬಣ್ಣಕ್ಕೆ ಇರುತ್ತದೆ. ನಿಮ್ಮ ಮೂರು ಹಾಗೇ ಎದ್ದು ಕಾಣುತ್ತಿದ್ದರೆ ಅವು ಹುಂಜ ಅಂತಲೇ ನನ್ನ ಲೆಕ್ಕ.

ಆದರೆ ಸಂತೆಯ ಬುಟ್ಟಿಯಲ್ಲಿ ನಾಲ್ಕು ಮನೆಯ ಮರಿ ಬೆರೆತಿರುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಬೆಳೆಸಿದ ಗಿರಿರಾಜದ ರಕ್ತ ಈಗ ಹಳ್ಳಿಹಳ್ಳಿಯ ನಾಟಿಯೊಳಗೂ ಸೇರಿಹೋಗಿದೆ. ಗಿರಿರಾಜದ ಹೇಂಟೆಯ ಕಾಲು ನಾಟಿ ಹುಂಜದ ಕಾಲಿಗಿಂತ ದಪ್ಪ. ಹಾಗಾಗಿ ಕಾಲು ದಪ್ಪ, ಮೈ ದೊಡ್ಡದು ಅಂತ ತೀರ್ಮಾನಿಸಬೇಡಿ. ಜಗಳಗಂಟ ಕೋಳಿಯ ತಳಿ ಬೆರೆತಿದ್ದರೆ ಉಲ್ಟಾ ಮೋಸ. ಅವುಗಳ ಜುಟ್ಟು ಗರಗಸದ ಹಾಗೆ ನಿಲ್ಲಲ್ಲ, ನೆತ್ತಿಗೆ ಅಂಟಿಕೊಂಡು ಗಂಟುಗಂಟಾಗಿ ಕೂತಿರುತ್ತದೆ. ಅಂಥ ಹುಂಜ ಮೂರು ತಿಂಗಳಾದರೂ ಹೇಂಟೆಯ ಹಾಗೇ ಓಡಾಡಿಕೊಂಡಿರುತ್ತದೆ. ನಿಮ್ಮ ಕರಿ ಮರಿಯ ನೆತ್ತಿ ಒಮ್ಮೆ ಮುಟ್ಟಿ ನೋಡಿ.

ಜುಟ್ಟು ನಂಬಿ ನಾನು ಒಮ್ಮೆ ಚೆನ್ನಾಗಿ ಕೆಟ್ಟಿದ್ದೇನೆ. ಎದುರು ಮನೆಯವರಿಗೆ ಹಬ್ಬಕ್ಕೆ ಹುಂಜ ಬೇಕಿತ್ತು, ಹರಕೆ. ನಮ್ಮಲ್ಲಿ ನಾಲ್ಕು ತಿಂಗಳದೊಂದು ಇತ್ತು. ಎತ್ತರದ ಜುಟ್ಟು, ದಾಸವಾಳದ ಕೆಂಪು. ಹಿಡಿದು ಕೊಟ್ಟೆ, ದುಡ್ಡೂ ಇಸಿದುಕೊಂಡೆ. ಹಬ್ಬಕ್ಕೆ ಇನ್ನೂ ಒಂದು ವಾರ ಇತ್ತು. ನಾಲ್ಕನೇ ದಿನ ಆ ಮನೆಯ ಅಕ್ಕ ಅಂಗೈಯಲ್ಲಿ ಒಂದು ಪುಟ್ಟ ಮೊಟ್ಟೆ ಹಿಡಿದು ಬಂದರು. "ತಗೊಳ್ಳಪ್ಪ, ನಿಮ್ಮ ಹುಂಜ ಕೊಟ್ಟಿಗೆಯಲ್ಲಿ ಇಟ್ಟಿದ್ದು!" ಈಗಲೂ ಬೀದಿಯಲ್ಲಿ ಸಿಕ್ಕಿದರೆ ಹುಂಜ ಚೆನ್ನಾಗಿದೆಯಾ ಅಂತ ಕೇಳುತ್ತಾರೆ.

ನನ್ನ ತಪ್ಪು ಏನೆಂದರೆ, ಹೇಂಟೆಯ ಜುಟ್ಟೂ ಕೆಂಪಾಗುತ್ತದೆ, ಮೊಟ್ಟೆಗೆ ಬರುವ ಹೊತ್ತಿಗೆ. ಏಳು ವಾರದ ಕೆಂಪು ಬೇರೆ, ನಾಲ್ಕು ತಿಂಗಳ ಕೆಂಪು ಬೇರೆ. ಅದರ ಬೆನ್ನು ನೋಡಿದ್ದರೆ ಸಾಕಿತ್ತು. ಅವತ್ತಿನಿಂದ ನಾನು ಬೆನ್ನಿನ ಪುಕ್ಕ ನೋಡದೆ ಬಾಯಿ ಬಿಡಲ್ಲ.

ನೋಡುವುದು ಹೀಗೆ. ಮರಿಗೆ ಹತ್ತರಿಂದ ಹನ್ನೆರಡು ವಾರ ಆಗಲಿ. ಸಂಜೆ ಗೂಡು ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಳ್ಳಿ, ಕತ್ತಲಾದರೆ ಅವು ಗಲಾಟೆ ಮಾಡಲ್ಲ. ಟಾರ್ಚ್ ಹಿಡಿದು ನಡುವಿನ ಮೇಲೆ, ಬಾಲ ಶುರುವಾಗುವುದಕ್ಕೆ ಸ್ವಲ್ಪ ಮುಂದೆ ನೋಡಿ. ಹುಂಜವಾದರೆ ಅಲ್ಲಿ ಹೊಸ ಪುಕ್ಕ ಸಣ್ಣಗೆ, ಉದ್ದಕ್ಕೆ, ತುದಿ ಚೂಪಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಾ ಎರಡೂ ಪಕ್ಕಕ್ಕೆ ಇಳಿಬಿದ್ದಿರುತ್ತದೆ. ಹೇಂಟೆಯಾದರೆ ಅದೇ ಜಾಗದ ಪುಕ್ಕದ ತುದಿ ಗುಂಡಗೆ, ಬೆನ್ನಿನ ಉಳಿದ ಪುಕ್ಕದಂತೆಯೇ ಇರುತ್ತದೆ. ಕತ್ತಿನ ಪುಕ್ಕಕ್ಕೂ ಇದೇ ಲೆಕ್ಕ. ಆದರೆ ಕತ್ತಿನದು ಹೇಂಟೆಗೂ ಸ್ವಲ್ಪ ಚೂಪಾಗಿ ಕಂಡು ಗೊಂದಲ ಮಾಡುತ್ತದೆ. ಬಾಲದ ಬುಡದ್ದೇ ಗಟ್ಟಿ ಸಾಕ್ಷಿ. ಒಂದೇ ಒಂದು ಚೂಪು ಪುಕ್ಕ ಸಿಕ್ಕರೂ ಅದು ಹುಂಜ. ಇನ್ನೂ ಕೆಲವು ವಾರ ಬಿಟ್ಟರೆ ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಗರಿ ಬರುತ್ತದೆ, ಆಗ ಮಕ್ಕಳೂ ಹೇಳುತ್ತಾರೆ.

ಹನ್ನೆರಡು ವಾರ ಕಾಯೋಕೆ ಆಗಲ್ಲ ಅಂದರೆ ಬಣ್ಣ ನೋಡಿ. ನಾಟಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಂದು ಬಣ್ಣದ ಮರಿಗಳಲ್ಲಿ ಹೇಂಟೆ ಕೌಜುಗದ ಹಾಗೆ ಮೈತುಂಬಾ ಒಂದೇ ಹದದ ಚುಕ್ಕೆ, ಗೀರು ಹೊತ್ತುಕೊಂಡು ಬೆಳೆಯುತ್ತದೆ. ಹುಂಜದ ಬಣ್ಣ ತೇಪೆ ಹಾಕಿದ ಹಾಗೆ. ರೆಕ್ಕೆಯ ಹೆಗಲಿನ ಮೇಲೆ ಇಟ್ಟಿಗೆ ಕೆಂಪು ಅಥವಾ ಕಡು ಕೆಂಪಿನ ಕಲೆ, ಎದೆಯಲ್ಲಿ ಅಲ್ಲಲ್ಲಿ ಕಪ್ಪು. ಹೆಗಲಿನ ಆ ಕೆಂಪು ಏಳೆಂಟು ವಾರಕ್ಕೇ ಕಾಣಿಸಬಹುದು. ಅಪ್ಪಟ ಕಪ್ಪು, ಅಪ್ಪಟ ಬಿಳಿ ಮರಿಗಳಲ್ಲಿ ಇದು ಉಪಯೋಗಕ್ಕೆ ಬರಲ್ಲ. ನಿಮ್ಮ ಕರಿಯದು ಸತಾಯಿಸುವುದಕ್ಕೆ ಇದೂ ಕಾರಣ ಇರಬಹುದು.

ಎದೆಯುಬ್ಬಿಸಿ ಒಂದಕ್ಕೊಂದು ಹಾರುವುದು, ದಿಟ್ಟಿಸಿ ನಿಲ್ಲುವುದು ಹೇಂಟೆ ಮರಿಗಳೂ ಮಾಡುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೂಗಿದರೆ ಹುಂಜ ಎನ್ನಬಹುದು. ಆದರೆ ದೊಡ್ಡ ಹುಂಜ ಇರುವ ಕಡೆ ಎಳೆಯದು ಹೆದರಿಕೊಂಡು ಸುಮ್ಮನೇ ಇರುತ್ತದೆ, ಕೂಗಿಲ್ಲ ಅಂತ ಹೇಂಟೆ ಅನ್ನಬೇಡಿ. ಅಪರೂಪಕ್ಕೆ ಮುದಿ ಹೇಂಟೆ ಕೂಗುವುದೂ ಉಂಟು. ಊರಲ್ಲಿ ಅಪಶಕುನ ಅಂತ ಕೊಯ್ದುಬಿಡುತ್ತಾರೆ. ಕೋಳಿಗೆ ಎಡಗಡೆಯ ಅಂಡಾಶಯ ಒಂದೇ ಕೆಲಸ ಮಾಡುವುದು. ಅದು ಕೆಟ್ಟರೆ ಬಲಗಡೆ ಸುಮ್ನೆ ಬಿದ್ದಿದ್ದ ಭಾಗ ಬೆಳೆದು ಗಂಡಿನ ಲಕ್ಷಣ ತೋರಿಸಬಹುದು. ಪಾಪ, ಶಕುನಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿಮಗೆ ಇನ್ನೂ ಹತ್ತು ಉಪಾಯ ಹೇಳುವವರು ಸಿಗುತ್ತಾರೆ. ಕಾಲು ಹಿಡಿದು ತಲೆಕೆಳಗೆ ಮಾಡಿ ಅಂತ ಒಬ್ಬರು, ಉಂಗುರಕ್ಕೆ ದಾರ ಕಟ್ಟಿ ತೂಗಿ ಅಂತ ಇನ್ನೊಬ್ಬರು. ನಮ್ಮಜ್ಜಿ ಕಾವಿಗೆ ಕೂರಿಸುವಾಗ ಗುಂಡು ಮೊಟ್ಟೆ ಆರಿಸುತ್ತಿದ್ದಳು, ಚೂಪು ಮೊಟ್ಟೆಯಲ್ಲಿ ಹುಂಜ ಬರುತ್ತದೆ ಅಂತ. ಅಜ್ಜಿಯ ಕೈಗುಣ ದೊಡ್ಡದು, ಲೆಕ್ಕ ಮಾತ್ರ ತಪ್ಪು. ಕೋಳಿಯಲ್ಲಿ ಗಂಡು ಹೆಣ್ಣು ನಿರ್ಧಾರವಾಗುವುದು ತಾಯಿಯಿಂದ, ಅದೂ ಚಿಪ್ಪು ಕಟ್ಟುವುದಕ್ಕೆ ಮೊದಲೇ. ಚಿಪ್ಪಿಗೆ ಆಕಾರ ಬರುವ ಹೊತ್ತಿಗೆ ಒಳಗಿನದು ತೀರ್ಮಾನವಾಗಿ ಹೋಗಿರುತ್ತದೆ.

ಹಾಗಾದರೆ ಹ್ಯಾಚರಿಯವರು ಒಂದು ದಿನದ ಮರಿಯಲ್ಲೇ ಹೇಗೆ ಬೇರೆ ಮಾಡುತ್ತಾರೆ ಅಂತ ನೀವು ಕೇಳಬಹುದು. ಮರಿಯ ಹಿಂಭಾಗ ಒತ್ತಿ, ಒಳಗಿನ ಸಾಸಿವೆಗಿಂತ ಸಣ್ಣ ಉಬ್ಬು ನೋಡಿ ಹೇಳುವ ವಿದ್ಯೆ ಒಂದಿದೆ. 1920ರ ದಶಕದಲ್ಲಿ ಜಪಾನಿನವರು ಅದನ್ನು ಹದಕ್ಕೆ ತಂದರು. ಪಳಗಿದವರು ಗಂಟೆಗೆ ಸಾವಿರದ ಹತ್ತಿರ ಮರಿ ನೋಡುತ್ತಾರೆ. ಮನೆಯಲ್ಲಿ ಪ್ರಯತ್ನಿಸಬೇಡಿ, ಕರುಳಿಗೆ ಪೆಟ್ಟಾಗಿ ಮರಿ ಸಾಯುತ್ತದೆ. ಇನ್ನೊಂದು, ತಳಿಯನ್ನೇ ಹಾಗೆ ಕೂಡಿಸುವುದು. ಕಂದು ಮೊಟ್ಟೆಯ ಬಿವಿ 380 ತರಹದ ಕೋಳಿಗಳಲ್ಲಿ ಹೆಣ್ಣು ಮರಿ ಕಂದು, ಗಂಡು ಮರಿ ಬಿಳಿಚು. ಮೊದಲ ದಿನವೇ ಕಣ್ಣಿಗೆ ಗೊತ್ತಾಗುತ್ತದೆ. ಎಳೆ ರೆಕ್ಕೆಯ ಗರಿ ಉದ್ದ ನೋಡಿ ಹೇಳುವುದೂ ಇದೆ. ಅದೂ ಅದಕ್ಕೆಂದೇ ಬೆಳೆಸಿದ ತಳಿಗೆ ಮಾತ್ರ, ಮೊದಲೆರಡು ಮೂರು ದಿನ ಮಾತ್ರ. ಮೊಬೈಲಿನಲ್ಲಿ ಆ ವಿಡಿಯೋ ನೋಡಿ ನಾಟಿ ಮರಿಯ ರೆಕ್ಕೆ ಬಿಡಿಸಿ ಪ್ರಯೋಜನ ಇಲ್ಲ.

ಅಂದಹಾಗೆ, ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿ ಕಂಡರೆ ಮೊಟ್ಟೆ ಆಸೆಗೆ ತರಬೇಡಿ. ಅವು ಬಹುತೇಕ ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳು. ಹ್ಯಾಚರಿಗೆ ಬೇಡವಾಗಿ ಹೊರಗೆ ಬಂದವು.

ಈಗ ನಿಮ್ಮ ಎಂಟಕ್ಕೆ ಬರೋಣ. ಒಂದೊಂದರ ಕಾಲಿಗೂ ಬೇರೆ ಬಣ್ಣದ ದಾರ ಸಡಿಲವಾಗಿ ಕಟ್ಟಿ. ವಾರಕ್ಕೊಮ್ಮೆ ಬಿಚ್ಚಿ ಕಟ್ಟಬೇಕು, ಇಲ್ಲವಾದರೆ ಕಾಲು ದಪ್ಪವಾದ ಹಾಗೆ ದಾರ ಕೊರೆಯುತ್ತದೆ. ವಾರಕ್ಕೊಂದು ಫೋಟೋ ಪಕ್ಕದಿಂದ, ಒಂದು ಮೇಲಿನಿಂದ ತೆಗೆದಿಡಿ. ಕೆಂಪು ಜುಟ್ಟಿನ ಮೂರರ ಹೆಗಲಲ್ಲಿ ಈಗಲೇ ಕೆಂಪು ತೇಪೆ ಕಂಡರೆ ಹಳ್ಳಿಯಲ್ಲಿ ಯಾರಿಗಾದರೂ ಕೊಡುವ ಮಾತು ಶುರುಮಾಡಿ. ಸಾಮಾನ್ಯವಾಗಿ ಮೂರು, ನಾಲ್ಕು ತಿಂಗಳಿಗೆ ಕೂಗು ಕಲಿಯುತ್ತವೆ, ಕೆಲವು ಎರಡಕ್ಕೇ ಗಂಟಲು ಸರಿಮಾಡಿಕೊಳ್ಳುತ್ತವೆ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ. ತೇಪೆ ಇಲ್ಲದಿದ್ದರೆ ಹನ್ನೆರಡನೇ ವಾರದವರೆಗೆ ತಡೆಯಿರಿ, ಮೊಟ್ಟೆ ಇಡುವುದನ್ನು ಕೊಟ್ಟು ಆಮೇಲೆ ನನ್ನ ಹಾಗೆ ಮಾತು ಕೇಳಬೇಡಿ. ಉಳಿದ ನಾಲ್ಕು ಕಂದು ಮರಿ ಹೇಂಟೆ ಅಂತ ನನ್ನ ಊಹೆ. ಕರಿಯದರ ಮೇಲೆ ಮಾತ್ರ ನಾನು ಪಂಥ ಕಟ್ಟಲ್ಲ. ಅದರ ಬೆನ್ನಿನ ಫೋಟೋ ಹಾಕಿ, ಟಾರ್ಚ್ ಬೆಳಕಿನಲ್ಲಿ, ಬಾಲದ ಬುಡ ಕಾಣುವ ಹಾಗೆ.