ಎರಡೂವರೆ ಸಾವಿರದ ಕಾರ್ಡು, ಡೊಂಬಿವಿಲಿಯ ಲೆಕ್ಕ

ಹಣಕಾಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನ ಸಂಬಳದ ಖಾತೆ ಇರುವ ಬ್ಯಾಂಕಿನಿಂದ ಬಿಡದೆ ಫೋನ್ ಬರುತ್ತಿದೆ. ಈಗ ನನ್ನ ಹತ್ತಿರ ಇರುವುದು ಲೈಫ್‌ಟೈಮ್ ಫ್ರೀ ಕ್ರೆಡಿಟ್ ಕಾರ್ಡು, ನೂರು ರೂಪಾಯಿಗೆ ಒಂದು ಪಾಯಿಂಟ್ ಕೊಡುತ್ತದೆ. ಅದನ್ನು ಬಿಟ್ಟು ಮೇಲಿನ ದರ್ಜೆಯದ್ದು ತಗೊಳ್ಳಿ ಅನ್ನುತ್ತಾರೆ. ನೂರಕ್ಕೆ ಎರಡು ಪಾಯಿಂಟ್, ಮೂರು ತಿಂಗಳಿಗೆ ಎರಡು ಸಲ ಏರ್‌ಪೋರ್ಟ್ ಲೌಂಜ್ (ತಿಂಡಿ-ಊಟ ಸಿಗುವ ವಿಶ್ರಾಂತಿ ಕೋಣೆ), ತಿಂಗಳಿಗೊಂದು ಸಿನಿಮಾ ಟಿಕೆಟಿನ ಮೇಲೆ 250 ರೂಪಾಯಿವರೆಗೆ ರಿಯಾಯಿತಿ. ಎರಡೂ ಕಾರ್ಡಿನಲ್ಲಿ ಒಂದು ಪಾಯಿಂಟಿಗೆ 25 ಪೈಸೆ. ಮೊದಲ ವರ್ಷ ಫೀ ಇಲ್ಲ, ಆಮೇಲೆ ವರ್ಷಕ್ಕೆ 2,500 ರೂಪಾಯಿ. ವರ್ಷದಲ್ಲಿ 4 ಲಕ್ಷ ಖರ್ಚು ಮಾಡಿದರೆ ಅದೂ ಮಾಫಿ. ನಮ್ಮ ಖರ್ಚು ಹೀಗಿದೆ: ದಿನಸಿ, ಆನ್‌ಲೈನ್ ಸೇರಿ ತಿಂಗಳಿಗೆ 12,000, ಪೆಟ್ರೋಲ್ 3,000, ಮನೆ ಬಾಡಿಗೆ 18,000, ಜೂನ್‌ನಲ್ಲಿ ಮಗನ ಶಾಲೆಯ ಫೀ 60,000. ಬಾಡಿಗೆಯನ್ನೂ ಕಾರ್ಡಿನಲ್ಲೇ ಕಟ್ಟಿದರೆ 4 ಲಕ್ಷ ಸಲೀಸಾಗಿ ದಾಟುತ್ತದೆ ಎಂದು ನಮ್ಮವರ ಲೆಕ್ಕ. ಮೇ ತಿಂಗಳಲ್ಲಿ ಒಮ್ಮೆ ವಿಮಾನದಲ್ಲಿ ಮಂಗಳೂರಿಗೆ, ಚೌತಿಗೆ ರೈಲಿನಲ್ಲಿ ಉಡುಪಿಗೆ ಹೋಗುತ್ತೇವೆ. ಬ್ಯಾಂಕಿನವರು ಕಳಿಸಿದ ಪಿಡಿಎಫ್ ಜೊತೆಗಿಟ್ಟಿದ್ದೇನೆ. ತೆಗೆದುಕೊಳ್ಳಲೋ ಬೇಡವೋ?
— ಓದುಗರೊಬ್ಬರು, ಡೊಂಬಿವಿಲಿ ಪೂರ್ವ

ಉತ್ತರ: ತಂಗೀ, ಪಿಡಿಎಫ್ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಫೋನಿನಲ್ಲಿ ಹೇಳುವುದೆಲ್ಲ ಅದರ ಮೊದಲ ಪುಟ. ಕಾರ್ಡು ನಡೆಯುವುದು ಕೊನೆಯ ಪುಟಗಳಲ್ಲಿ ಚುಕ್ಕಿ ಗುರುತು ಹಾಕಿ ಬರೆದ ಸಣ್ಣ ಅಕ್ಷರದ ಪ್ರಕಾರ. ನಾನು ಬ್ಯಾಂಕಿನಲ್ಲಿದ್ದಾಗ ಕಾರ್ಡ್ ವಿಭಾಗದ ಮೇಜಿನಲ್ಲೇ ಕೂತವಳು. ಆ ಪುಟಗಳನ್ನು ಓದಿಕೊಂಡು ಬಂದು ಪ್ರಶ್ನೆ ಕೇಳುವ ಗ್ರಾಹಕರು ಅಪರೂಪ.

ಮೊದಲು ಫೀ. 2,500 ಅಂದರೆ 2,500 ಅಲ್ಲ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬರುತ್ತದೆ. ನಿಮ್ಮ ಕೈಯಿಂದ ಹೋಗುವುದು 2,950.

ಇನ್ನು ಯಜಮಾನರ ಲೆಕ್ಕ. ಎಲ್ಲ ಕೂಡಿಸಿದರೆ ವರ್ಷಕ್ಕೆ 4,56,000 ಆಗುತ್ತದೆ, ಕೂಡಿಸಿದ್ದರಲ್ಲಿ ತಪ್ಪಿಲ್ಲ. ಆದರೆ ನೀವು ಕಳಿಸಿದ ಕಾಗದದಲ್ಲೇ ಬಾಡಿಗೆ, ಪೆಟ್ರೋಲ್, ವ್ಯಾಲೆಟ್‌ಗೆ ಹಾಕುವ ದುಡ್ಡು, ಇವು ಯಾವುವೂ ಆ 4 ಲಕ್ಷಕ್ಕೆ ಸೇರುವುದಿಲ್ಲ, ಇವಕ್ಕೆ ಪಾಯಿಂಟೂ ಇಲ್ಲ ಎಂದಿದೆ. ಈಗ ಹೆಚ್ಚಿನ ಬ್ಯಾಂಕುಗಳದ್ದು ಇದೇ ದಾರಿ. ಬಾಡಿಗೆಯ 2,16,000, ಪೆಟ್ರೋಲಿನ 36,000 ತೆಗೆದರೆ ಉಳಿಯುವುದು 2,04,000. ಶಾಲೆಯ ಫೀಯನ್ನು ನೇರವಾಗಿ ಶಾಲೆಗೇ ಕಟ್ಟಿದರೆ ಮಾತ್ರ ಇಷ್ಟು. ಬೇರೆ ಆ್ಯಪ್ ಮೂಲಕ ಕಟ್ಟಿದರೆ ಅದೂ ಹೋಯಿತು. ಮಾಫಿಗೆ ಇನ್ನೂ 1,96,000 ಕಡಿಮೆ ಬೀಳುತ್ತದೆ.

ಬಾಡಿಗೆಯನ್ನು ಕಾರ್ಡಿಗೆ ಹಾಕುವ ಯೋಚನೆಯನ್ನಂತೂ ಈಗಲೇ ಬಿಡಿ. ಅದಕ್ಕೆ ಬ್ಯಾಂಕು ಶೇಕಡಾ 1 ಚಾರ್ಜು, ಮೇಲೆ ಜಿಎಸ್‌ಟಿ ಹಾಕುತ್ತದೆ: 18,000ಕ್ಕೆ ತಿಂಗಳಿಗೆ 212 ರೂಪಾಯಿ, ವರ್ಷಕ್ಕೆ ಸುಮಾರು 2,550. ಒಂದು ಫೀ ಉಳಿಸಲು ಹೋಗಿ ಇನ್ನೊಂದು ಫೀ ಕಟ್ಟಿದ ಹಾಗೆ, ಅದೂ ಮಾಫಿಗೆ ಸೇರದ ಖರ್ಚಿನ ಮೇಲೆ. ಹಾಗೆ ನೋಡಿದರೆ ಈ ದಾರಿಯೇ ಈಗ ಹೆಚ್ಚುಕಡಿಮೆ ಮುಚ್ಚಿದೆ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ಕಂಪನಿಗಳಿಗೆ ಹೊಸ ನಿಯಮ ತಂದ ಮೇಲೆ ದೊಡ್ಡ ದೊಡ್ಡ ಆ್ಯಪ್‌ಗಳೇ ಕಾರ್ಡಿನಲ್ಲಿ ಬಾಡಿಗೆ ಕಟ್ಟುವ ಸೌಲಭ್ಯವನ್ನು ತೆಗೆದುಹಾಕಿದವು.

ಪಾಯಿಂಟಿನ ವಿಷಯಕ್ಕೆ ಬರೋಣ. 2,04,000ಕ್ಕೆ 4,080 ಪಾಯಿಂಟ್, ಅಂದರೆ 1,020 ರೂಪಾಯಿ. ಇಲ್ಲೇ ಎಲ್ಲರೂ ಎಡವುವುದು: ಈ 1,020ನ್ನು ಫೀಯ ಎದುರಿಗೆ ಇಡಬಾರದು. ಇದೇ ಖರ್ಚಿಗೆ ನಿಮ್ಮ ಪುಕ್ಕಟೆ ಕಾರ್ಡು 510 ರೂಪಾಯಿ ಹೇಗೂ ಕೊಡುತ್ತಿದೆ. ಹೊಸ ಕಾರ್ಡು ಹೆಚ್ಚಿಗೆ ಕೊಡುವುದು ಬಾಕಿ 510 ಮಾತ್ರ. ಪಾಯಿಂಟ್ ಬಿಡಿಸಿಕೊಳ್ಳುವಾಗ ಒಂದೊಂದು ಸಲಕ್ಕೂ 99 ರೂಪಾಯಿ ಮತ್ತು ಜಿಎಸ್‌ಟಿ ಎಂದು ಕಾಗದದಲ್ಲಿದೆ. ಹಾಗಾಗಿ ಆಗಾಗ ಬಿಡಿಸಿಕೊಂಡರೆ ಅದರಲ್ಲೂ ಒಂದು ಪಾಲು ಮಾಯ. ಪಾಯಿಂಟಿನಿಂದಲೇ ಫೀ ಹುಟ್ಟಬೇಕಾದರೆ ಎಷ್ಟು ಖರ್ಚು ಮಾಡಬೇಕು ಗೊತ್ತೇ? ನೂರಕ್ಕೆ 25 ಪೈಸೆ ಹೆಚ್ಚುವರಿ ಲಾಭದಂತೆ 2,950 ರೂಪಾಯಿ ಬರಲು 11,80,000. ಅಷ್ಟು ಖರ್ಚು ಮಾಡುವ ಮನೆಯಾಗಿದ್ದರೆ ಫೀ ಯಾವತ್ತೋ ಮಾಫಿಯಾಗಿರುತ್ತಿತ್ತು.

ಲೌಂಜ್ ವಿಷಯ ಓದುವಾಗ ನನಗೆ ನಗು ಬಂತು. ನಿಮ್ಮ ಕಾಗದದ ಪ್ರಕಾರ, ಹಿಂದಿನ ಮೂರು ತಿಂಗಳಲ್ಲಿ 50,000 ಖರ್ಚಾಗಿದ್ದರೆ ಮಾತ್ರ ಈ ಮೂರು ತಿಂಗಳು ಲೌಂಜಿನ ಬಾಗಿಲು ತೆರೆಯುತ್ತದೆ. ನೀವು ಹಾರುವುದು ಮೇನಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ನಿಮ್ಮದು ಲೆಕ್ಕಕ್ಕೆ ಸಿಗುವ ಖರ್ಚು 36,000. ಬಾಗಿಲು ಬಂದ್. ಜೂನ್‌ನಲ್ಲಿ ಶಾಲೆಯ ಫೀ ಕಟ್ಟಿದ ಮೇಲೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ತೆರೆದಿರುತ್ತದೆ. ಆಗ ನೀವು ಚೌತಿಗೆಂದು ಕುರ್ಲಾದ ಎಲ್‌ಟಿಟಿ ನಿಲ್ದಾಣದಲ್ಲಿ ಚೀಲ ಕಾಯುತ್ತಾ ಮತ್ಸ್ಯಗಂಧಾ ರೈಲಿಗೆ ಕಾದಿರುತ್ತೀರಿ! ಒಂದು ವೇಳೆ ಮೇನಲ್ಲೇ ಬಾಗಿಲು ತೆರೆದರೂ ಕಾರ್ಡು ನಿಮ್ಮೊಬ್ಬರದ್ದು. ಯಜಮಾನರನ್ನೂ ಮಗನನ್ನೂ ಹೊರಗೆ ಕೂರಿಸಿ ಒಬ್ಬರೇ ಒಳಗೆ ಹೋಗಿ ಉಪ್ಪಿಟ್ಟು ತಿನ್ನುತ್ತೀರಾ? ರಜೆಯ ದಿನಗಳಲ್ಲಿ ಬೆಳಗ್ಗೆ ಅಲ್ಲಿ ನಿಲ್ಲುವ ಸಾಲನ್ನು ನೋಡಿದ್ದೀರಲ್ಲ. ಅರ್ಧ ಮುಂಬಯಿಯೇ ಒಳಗೆ ಹೋಗಲು ಕಾರ್ಡಿನಲ್ಲಿ ಎರಡು ರೂಪಾಯಿ ಸ್ವೈಪ್ ಮಾಡಲು ನಿಂತಿರುತ್ತದೆ. ಕಾಗದದಲ್ಲಿ ಬ್ಯಾಂಕು ಒಂದು ಲೌಂಜ್ ಭೇಟಿಗೆ ಸಾವಿರ ರೂಪಾಯಿ ಬೆಲೆ ಕಟ್ಟಿದೆ. ಲೌಂಜ್ ಇಲ್ಲದಿದ್ದರೆ ನೀವು ಏರ್‌ಪೋರ್ಟಿನಲ್ಲಿ ಎಷ್ಟು ಕೊಟ್ಟು ತಿನ್ನುತ್ತಿದ್ದಿರಿ, ಅಷ್ಟೇ ಅದರ ಬೆಲೆ. ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗುವವರಾದರೆ ಸೊನ್ನೆ.

ಸಿನಿಮಾ ರಿಯಾಯಿತಿಯೊಂದು ನಿಜವಾಗಿ ಉಪಯೋಗಕ್ಕೆ ಬಂದೀತು. ಆದರೆ ಅದು ಅವರು ಹೇಳಿದ ಒಂದೇ ಆ್ಯಪ್‌ನಲ್ಲಿ, ಎರಡು ಟಿಕೆಟ್ ತಗೊಂಡರೆ ಮಾತ್ರ. ನೀವು ವರ್ಷಕ್ಕೆ ಎಷ್ಟು ಸಿನಿಮಾಕ್ಕೆ ಹೋಗುತ್ತೀರೋ ಬರೆದಿಲ್ಲ. ನಮ್ಮ ಮುಂಬಯಿ ಕಡೆ ಕನ್ನಡ ಸಿನಿಮಾ ಬಂದರೂ ಎಲ್ಲೋ ಒಂದು ಮಲ್ಟಿಪ್ಲೆಕ್ಸಿನಲ್ಲಿ, ಯಾರಿಗೂ ಆಗದ ಹೊತ್ತಿಗೆ ಒಂದು ಶೋ. ನಾಲ್ಕು ಸಿನಿಮಾ ಅಂದುಕೊಂಡರೆ 1,000 ರೂಪಾಯಿ. ಪಾಯಿಂಟಿನ 510 ಸೇರಿ ಒಟ್ಟು 1,510. ಫೀ 2,950. ವರ್ಷಕ್ಕೆ 1,440 ನಷ್ಟ. ಪಂಪಿನಲ್ಲಿ ಶೇಕಡಾ 1 ಸರ್‌ಚಾರ್ಜ್ ವಾಪಸು ಎಂದು ದೊಡ್ಡದಾಗಿ ಬರೆದಿದ್ದಾರಲ್ಲ, ಅದನ್ನು ಪುಕ್ಕಟೆ ಕಾರ್ಡುಗಳೂ ಕೊಡುತ್ತವೆ. ನಿಮ್ಮದರಲ್ಲಿ ಇದೆಯೇ ನೋಡಿಕೊಳ್ಳಿ.

ಆದ್ದರಿಂದ ಎರಡನೇ ವರ್ಷಕ್ಕೆ ಈ ಕಾರ್ಡು ನಿಮಗೆ ಬೇಡ. ಮೊದಲ ವರ್ಷ ಪುಕ್ಕಟೆ ಇದೆಯಲ್ಲ, ತಗೊಂಡು ವರ್ಷ ತುಂಬುವ ಮೊದಲು ಮುಚ್ಚಿಸಬಹುದು, ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಹಳೆಯ ಕಾರ್ಡನ್ನು ಬಿಟ್ಟುಕೊಡಬೇಡಿ. ಹೊಸದು ಕೊಡುವಾಗ ‘ಅಪ್‌ಗ್ರೇಡ್’ ಎಂದು ಹೇಳಿ ಪುಕ್ಕಟೆಯದನ್ನೇ ಬದಲಿಸಿಬಿಡುತ್ತಾರೆ, ಆಮೇಲೆ ಹಿಂದೆ ಹೋಗಲು ದಾರಿ ಇರುವುದಿಲ್ಲ. ‘ಇದು ಬೇರೆ ಕಾರ್ಡೋ, ಹಳೆಯದರ ಬದಲಿಗೋ’ ಎಂದು ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ನನ್ನನ್ನು ಕೇಳಿದರೆ ಅಷ್ಟೂ ತಾಪತ್ರಯ ಬೇಡ. ನಿಮ್ಮದೇ ಬ್ಯಾಂಕಿನಲ್ಲಿ ಫೀ ಇಲ್ಲದ ರುಪೇ ಕ್ರೆಡಿಟ್ ಕಾರ್ಡು ಸಿಗುತ್ತದೆಯೇ ವಿಚಾರಿಸಿ. 2022ರಿಂದ ಅದನ್ನು ಯುಪಿಐಗೆ ಜೋಡಿಸಬಹುದು. ಕಿರಾಣಿ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಆ ಖರ್ಚೂ ಕಾರ್ಡಿಗೇ ಹೋಗುತ್ತದೆ. ಮೀನಿನವಳ ಹತ್ತಿರ ಕೆಲವೊಮ್ಮೆ ಆಗುವುದಿಲ್ಲ. ಅವಳು ಇಟ್ಟುಕೊಂಡಿರುವುದು ಮಗನ ಸ್ವಂತ ಖಾತೆಯ ಕ್ಯೂಆರ್, ಅದು ಕ್ರೆಡಿಟ್ ಕಾರ್ಡಿನ ದುಡ್ಡು ತೆಗೆದುಕೊಳ್ಳುವುದಿಲ್ಲ.

ಒಂದು ಮಾತು ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟುತ್ತೀರಿ ತಾನೇ? ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಇಷ್ಟು ಕಟ್ಟಿ ಎಂದು ತೋರಿಸುವ ಮೊತ್ತ ಮಾತ್ರ ಕಟ್ಟುವ ಅಭ್ಯಾಸವಿದ್ದರೆ ಮೇಲಿನ ಲೆಕ್ಕವೆಲ್ಲ ದಂಡ. ತಿಂಗಳಿಗೆ ಶೇಕಡಾ 3.75 ಬಡ್ಡಿಯಂತೆ 50,000 ಬಾಕಿಗೆ 1,875, ಅದರ ಮೇಲೂ ಜಿಎಸ್‌ಟಿ. ವರ್ಷದ ಪಾಯಿಂಟೆಲ್ಲ ಒಂದೇ ತಿಂಗಳಲ್ಲಿ ಹೋಗುತ್ತದೆ.

ಪ್ರಶ್ನೆ: ಮೇಡಂ, ಕಂಪನಿ ನನ್ನನ್ನು ಮೂರು ತಿಂಗಳಿಗೆ ಜರ್ಮನಿಗೆ ಕಳಿಸುತ್ತಿದೆ. ಅಲ್ಲಿ ಸುಮಾರು 2 ಲಕ್ಷ ರೂಪಾಯಿ ಕಾರ್ಡಿನಲ್ಲಿ ಖರ್ಚಾಗಬಹುದು. ನನ್ನ ಕಾರ್ಡಿಗೆ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕು ಹಾಕುವ ಚಾರ್ಜು) ಶೇಕಡಾ 3.5. ವರ್ಷಕ್ಕೆ 2,000 ಫೀ ಇರುವ ಇನ್ನೊಂದಕ್ಕೆ ಶೇಕಡಾ 2. ಮನೆಯಲ್ಲಿ ‘ಫೀ ಕಟ್ಟಿ ಕಾರ್ಡು ಯಾಕೆ’ ಅನ್ನುತ್ತಿದ್ದಾರೆ.
— ಓದುಗರೊಬ್ಬರು, ಕೋಥ್ರುಡ್, ಪುಣೆ

ಉತ್ತರ: ತಗೊಳ್ಳಿ. ಹಳೆಯದರಲ್ಲಿ 2 ಲಕ್ಷಕ್ಕೆ ಜಿಎಸ್‌ಟಿ ಸೇರಿ 8,260 ಹೋಗುತ್ತದೆ, ಹೊಸದರಲ್ಲಿ 4,720. ಉಳಿತಾಯ 3,540. ಫೀ ಜಿಎಸ್‌ಟಿ ಸೇರಿ 2,360. ಪಾಯಿಂಟು, ಲೌಂಜು ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆಯೇ 1,180 ಮಿಕ್ಕಿತು. ಡೊಂಬಿವಿಲಿಯ ತಂಗಿಗೆ ಬೇಡ ಅಂದೆ, ನಿಮಗೆ ಬೇಕು ಅನ್ನುತ್ತಿದ್ದೇನೆ. ನಿಮ್ಮದು ಹೇಗೂ ಆಗಿಯೇ ಆಗುವ ಖರ್ಚು, ಆ ಖರ್ಚಿಗೇ ಕಾರ್ಡು ಚಾರ್ಜು ಕಡಿಮೆ ಮಾಡುತ್ತಿದೆ. ಅಲ್ಲಿ ಅಂಗಡಿಯ ಮೆಷಿನ್ ‘ರೂಪಾಯಿಯಲ್ಲೋ ಯೂರೋದಲ್ಲೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ, ಅದು ಸಾಮಾನ್ಯವಾಗಿ ದುಬಾರಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡಿ, ಆ ದಿನದಿಂದಲೇ ಬಡ್ಡಿ ಶುರು. ವಾಪಸು ಬಂದ ಮೇಲೆ, ಮುಂದಿನ ವರ್ಷದ ಫೀ ಬೀಳುವ ಮೊದಲು ಕಾರ್ಡು ಇನ್ನೂ ಬೇಕೇ ಎಂದು ಮತ್ತೆ ನೋಡಿ.

ಪ್ರಶ್ನೆ: ಬೇಡವಾದ ಕಾರ್ಡನ್ನು ಮುಚ್ಚಿಸಲು ಫೋನ್ ಮಾಡಿದರೆ, ಮುಚ್ಚುವುದು ಬಿಟ್ಟು ಬೇರೆಲ್ಲ ಮಾತಾಡುತ್ತಾರೆ. ಅಷ್ಟರಲ್ಲಿ ಈ ವರ್ಷದ ಫೀಯೂ ಬಿಲ್ಲಿಗೆ ಬಂತು. ಏನು ಮಾಡಲಿ?
— ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಫೋನ್ ಬಿಡಿ, ಇಮೇಲ್ ಮಾಡಿ. ಮೊದಲು ಫೀ ವಾಪಸು ಕೇಳಿ. ‘ಇಲ್ಲದಿದ್ದರೆ ಕಾರ್ಡು ಮುಚ್ಚುತ್ತೇನೆ’ ಎಂದು ಒಂದು ಸಾಲು ಸೇರಿಸಿ. ಎಷ್ಟೋ ಸಲ ಅಷ್ಟಕ್ಕೇ ವಾಪಸು ಬರುತ್ತದೆ, ಗ್ರಾಹಕರನ್ನು ಉಳಿಸಿಕೊಳ್ಳಲೆಂದೇ ಬ್ಯಾಂಕುಗಳಲ್ಲಿ ಜನ ಇರುತ್ತಾರೆ. ಬರದಿದ್ದರೆ ಇರುವ ಪಾಯಿಂಟೆಲ್ಲ ಬಿಡಿಸಿಕೊಂಡು, ಬಾಕಿ ಪೂರ್ತಿ ಕಟ್ಟಿ, ಮುಚ್ಚಲು ಬರೆಯಿರಿ. ಆ ಕಾರ್ಡಿಗೆ ಜೋಡಿಸಿದ ಒಟಿಟಿ, ಕರೆಂಟ್ ಬಿಲ್ ಮೊದಲೇ ಬೇರೆ ಕಡೆಗೆ ಹಾಕಿಕೊಳ್ಳಿ. ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ನಿರ್ದೇಶನದ ಪ್ರಕಾರ, ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡ ನಿಮಗೆ ಕೊಡಬೇಕು. ಇಮೇಲ್‌ನಲ್ಲಿ ಈ ನಿಯಮವನ್ನು ಹೆಸರಿಸಿಯೇ ಬರೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಅವರ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಅದಕ್ಕೆ ಖರ್ಚಿಲ್ಲ, ವಕೀಲರೂ ಬೇಡ. ಬ್ಯಾಂಕಿಗೆ ಕಳಿಸಿದ ಇಮೇಲ್‌ಗಳು, ದೂರಿನ ನಂಬರು ಕೈಯಲ್ಲಿರಲಿ, ಅಲ್ಲಿ ಮೊದಲು ಕೇಳುವುದೇ ಅದನ್ನು.