ಆಡುಸೋಗೆ ಎಲೆ ಎಷ್ಟು ಅರೆದರೂ ರಸ ಯಾಕೆ ಬರುವುದಿಲ್ಲ?

ನೀವು ಕೇಳಿರುವುದು ಮೂರು ವಿಷಯ. ಬೇಲಿಯಲ್ಲಿರುವ ಗಿಡ ನಿಜಕ್ಕೂ ಕೆಮ್ಮು, ದಮ್ಮಿಗೆ ಬಳಸುವ ಆಡುಸೋಗೆಯೇ? ಎಲೆಯನ್ನು ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಹಿಂಡಿದರೂ ರಸ ಯಾಕೆ ಇಳಿಯುವುದಿಲ್ಲ? ಕಡ್ಡಿ ನೆಟ್ಟರೆ ಯಾಕೆ ಒಣಗಿಹೋಗುತ್ತದೆ? ರಸದ ಪ್ರಶ್ನೆಗೆ ಒಂದೇ ಸಾಲಿನ ಉತ್ತರ: ಈ ಎಲೆಯನ್ನು ಹಸಿಯಾಗಿ ಹಿಂಡಬಾರದು, ಮೊದಲು ಬೆಂಕಿ ಅಥವಾ ಹಬೆ ತೋರಿಸಬೇಕು. ಆದರೆ ಗುರುತು ಖಚಿತವಾಗದೆ ಯಾವ ಸೊಪ್ಪಿನ ರಸವನ್ನೂ ಕುಡಿಯುವ ಹಾಗಿಲ್ಲ. ಆದ್ದರಿಂದ ಗಿಡದಿಂದಲೇ ಶುರು ಮಾಡುತ್ತೇನೆ.

'ಆಡು ಮುಟ್ಟದ ಸೊಪ್ಪಿಲ್ಲ' ಅನ್ನುವ ಗಾದೆಗೆ ಅಪವಾದವಾಗಿ ನಿಂತ ಗಿಡ ಇದು. ಕನ್ನಡದಲ್ಲಿ ಇದಕ್ಕೆ ಆಡುಮುಟ್ಟದ ಸೊಪ್ಪು ಅಂತಲೂ ಹೆಸರಿದೆ. ತಮಿಳಿನ ಆಡಾತೊಡೈಯನ್ನೂ ಆಡು ತೊಡದ, ಅಂದರೆ ಮುಟ್ಟದ ಎಂದೇ ಬಿಡಿಸುತ್ತಾರೆ. ಆ ಹೆಸರೇ ಲಿನೇಯಸ್ 1753ರಲ್ಲಿ ಕೊಟ್ಟ ಜಸ್ಟಿಸಿಯಾ ಅಧಟೋಡ ಎಂಬ ಸಸ್ಯನಾಮದಲ್ಲಿ ಕೂತಿದೆ. ಹಳೆಯ ಪುಸ್ತಕಗಳಲ್ಲಿ ಕಾಣುವ ಅಧಟೋಡ ವಾಸಿಕಾ ಕೂಡ ಇದೇ ಗಿಡ. ಇಂಗ್ಲಿಷಿನವರು ಮಲಬಾರ್ ನಟ್ ಎಂದು ಯಾಕೆ ಕರೆದರೋ, ಇದರಲ್ಲಿ ತಿನ್ನುವಂಥ ಬೀಜವೇ ಇಲ್ಲ.

ಗೊಂದಲ ಹುಟ್ಟುವುದೂ ಆ ಹೆಸರಿನಿಂದಲೇ. 'ಆಡುಮುಟ್ಟದ ಬಳ್ಳಿ' ಅಂತ ಇನ್ನೊಂದಿದೆ, ಟೈಲೋಫೋರ ಇಂಡಿಕಾ. ಅದು ಎಕ್ಕದ ಕುಟುಂಬದ್ದು. ಅದನ್ನೂ ದಮ್ಮಿಗೆ ಕೊಡುವ ವಾಡಿಕೆ ಇರುವುದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಆದರೆ ಅದು ಬಲವಾಗಿ ವಾಂತಿ ಮಾಡಿಸುವ ಗಿಡ. ಒಂದು ಕಾಲಕ್ಕೆ ಇಪೆಕಾಕ್ ಎಂಬ ವಾಂತಿ ಔಷಧಿಯ ಬದಲಿಗೆ ಬಳಸುತ್ತಿದ್ದುದು ಅದನ್ನೇ. ಆಡುಸೋಗೆಯ ಅಳತೆಯಲ್ಲಿ ಆ ಬಳ್ಳಿಯ ರಸ ಕುಡಿದರೆ ಫಜೀತಿ ತಪ್ಪಿದ್ದಲ್ಲ. ಪಕ್ಕದ ಗಿಡಕ್ಕೆ ಸುತ್ತಿಕೊಂಡು ಹತ್ತಿದೆಯೇ, ಕಾಯಿ ಕೊಂಬಿನಂತೆ ಜೋಡಿಯಾಗಿದೆಯೇ, ಒಡೆದರೆ ರೇಷ್ಮೆಯಂಥ ಹತ್ತಿ ಹಾರುತ್ತದೆಯೇ, ಹಾಗಿದ್ದರೆ ಅದು ಬಳ್ಳಿ; ಬಿಟ್ಟುಬಿಡಿ. ಬೇಲಿಯಲ್ಲಿ ಸಿಗುವ ಕರಿನೆಕ್ಕಿಯೂ ಆಡುಸೋಗೆಯ ಹತ್ತಿರದ ನೆಂಟ. ಅದರ ಎಲೆ ಕಿರಿದು, ಎಳೆ ಕಾಂಡ ಮತ್ತು ಗಿಣ್ಣು ಕಪ್ಪು ನೇರಳೆ ಬಣ್ಣ.

ಆಡುಸೋಗೆ ಸ್ವಂತ ಕಾಲ ಮೇಲೆ ನಿಲ್ಲುವ ಪೊದೆ, ಸಾಮಾನ್ಯವಾಗಿ ಆಳೆತ್ತರ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, 10ರಿಂದ 20 ಸೆಂ.ಮೀ. ಉದ್ದ, ಎರಡೂ ತುದಿ ಚೂಪು, ಅಂಚಿನಲ್ಲಿ ಹಲ್ಲುಗಳಿಲ್ಲ. ಎಲೆ ಕೂಡುವ ಗಿಣ್ಣು ಸ್ವಲ್ಪ ಉಬ್ಬಿರುತ್ತದೆ. ಎಲೆ ಕಿವುಚಿದರೆ ಒಂದು ಬಗೆಯ ಮುಗ್ಗಲು ವಾಸನೆ, ನಾಲಿಗೆಗೆ ತಾಗಿಸಿದರೆ ಬಹಳ ಹೊತ್ತು ಬಿಡದ ಕಹಿ. ಆದರೂ ಎಲೆ ನೋಡಿ ನಿರ್ಧರಿಸಬೇಡಿ. ಚಳಿಗಾಲದವರೆಗೆ ಕಾದು ಹೂ ನೋಡಿ.

ಹೂವಿನಲ್ಲಿ ತಪ್ಪುವ ಸಾಧ್ಯತೆಯೇ ಇಲ್ಲ. ರೆಂಬೆಯ ತುದಿಯ ಕಡೆ, ಎಲೆಯ ಕಂಕುಳಿನಿಂದ ಉದ್ದ ತೊಟ್ಟಿನ ಮೇಲೆ ತೆನೆ ಏಳುತ್ತದೆ. ತೆನೆಯ ತುಂಬ ಒತ್ತೊತ್ತಾಗಿ ಹಸಿರು ಹೊದಿಕೆ ಎಲೆಗಳು, ಅವುಗಳ ಸಂದಿನಿಂದ ಬಿಳಿ ಹೂ ಬಾಯಿ ತೆರೆದುಕೊಂಡು ಹೊರಬರುತ್ತದೆ. ಬಾಯಿ ಎಂದದ್ದು ಅಲಂಕಾರಕ್ಕಲ್ಲ. ಮೇಲ್ದುಟಿ ಕಮಾನಿನಂತೆ ಬಾಗಿರುತ್ತದೆ, ಕೆಳದುಟಿ ಮೂರು ಸೀಳಾಗಿ ಜೋತಿರುತ್ತದೆ, ಅದರ ಮೇಲೆ ಗಂಟಲಿನ ಕಡೆಗೆ ಓಡುವ ನೇರಳೆ ಗೀರುಗಳು. ಸಂಸ್ಕೃತದಲ್ಲಿ ಸಿಂಹಾಸ್ಯ, ಸಿಂಹದ ಮುಖದ್ದು, ಎಂದು ಹೆಸರಿಟ್ಟವರು ಹೂವನ್ನು ಹತ್ತಿರದಿಂದ ನೋಡಿಯೇ ಇಟ್ಟಿದ್ದಾರೆ. ಕೇಸರಗಳು ಎರಡೇ, ಮೇಲ್ದುಟಿಯ ಕೆಳಗೆ ಅಡಗಿರುತ್ತವೆ. ಕೆಳದುಟಿಯ ಮೇಲೆ ಕೂತು ತಲೆ ತೂರಿಸುವ ದೊಡ್ಡ ದುಂಬಿಯ ಬೆನ್ನಿಗೆ ಪರಾಗ ಸವರಲಿ ಎಂಬ ಏರ್ಪಾಡು ಅದು. ಇಷ್ಟೆಲ್ಲ ಇದ್ದೂ ಕಾಯಿ ಕಟ್ಟುವುದು ಕಡಿಮೆ. ಕಟ್ಟಿದರೆ ಸಣ್ಣ ಗದೆಯಾಕಾರದ ಕಾಯಿ, ಒಳಗೆ ನಾಲ್ಕು ಬೀಜ. ಒಂದೊಂದು ಬೀಜವನ್ನೂ ಒಂದು ಪುಟ್ಟ ಕೊಕ್ಕೆ ಹಿಡಿದಿರುತ್ತದೆ.

ಈಗ ರಸ. ಈ ಎಲೆಯಲ್ಲಿ ಸುಲಭವಾಗಿ ಹಿಂಡಿ ತೆಗೆಯುವಂಥ ನೀರು ಕಡಿಮೆ, ಅಂಟು ಜಾಸ್ತಿ. ಹಸಿಯಾಗಿ ಅರೆದರೆ ಚಟ್ನಿಯಂಥ ಮುದ್ದೆಯಾಗಿ ಇದ್ದ ನೀರನ್ನೂ ಅದೇ ಹಿಡಿದುಕೊಳ್ಳುತ್ತದೆ. ಬಟ್ಟೆ ಹರಿಯುವಷ್ಟು ಹಿಂಡಿದರೂ ನಾಲ್ಕು ಹನಿ. ಆಗ ಎಲ್ಲರೂ ಮಾಡುವ ತಪ್ಪು, ಮಿಕ್ಸಿಗೆ ಅರ್ಧ ಲೋಟ ನೀರು ಸುರಿಯುವುದು. ಹಸಿರು ನೀರು ಬರುತ್ತದೆ ನಿಜ, ಆದರೆ ಅದರಲ್ಲಿ ಸ್ವರಸ, ಅಂದರೆ ನೀರು ಬೆರೆಸದ ಎಲೆಯದೇ ರಸ ಎಷ್ಟು, ನೀರು ಎಷ್ಟು ಎಂದು ಗೊತ್ತಾಗುವುದಿಲ್ಲ. ಚಮಚದ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಬಿಸಿ ತಾಗಿದಾಗ ಎಲೆಯ ಜೀವಕೋಶಗಳ ಪೊರೆ ಸಡಿಲವಾಗಿ ಒಳಗಿನ ನೀರು ಹೊರಗೆ ಬರುತ್ತದೆ. ಇದನ್ನು ಬಲ್ಲವರೇ ಪುಟಪಾಕ ಎಂಬ ವಿಧಾನ ಮಾಡಿದ್ದು. ಶಾರ್ಙ್ಗಧರ ಸಂಹಿತೆ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲಿ ಹೇಳಿದ ಪುಟಪಾಕ ಹೀಗೆ: ಎಲೆಯನ್ನು ಜಜ್ಜಿ ಉಂಡೆ ಮಾಡಿ, ಆಲ ಅಥವಾ ನೇರಳೆ ಎಲೆಯಲ್ಲಿ ಸುತ್ತಿ ಕಟ್ಟಿ, ಮೇಲೆ ಎರಡು ಬೆರಳು ದಪ್ಪ ಹಸಿಮಣ್ಣು ಮೆತ್ತಿ ಬೆಂಕಿಯಲ್ಲಿಡುವುದು. ಮಣ್ಣು ಕೆಂಪಗೆ ಕಾದ ಮೇಲೆ ತೆಗೆದು, ಮಣ್ಣು ಒಡೆದು, ಬಿಸಿ ಆರುವ ಮೊದಲೇ ಬಟ್ಟೆಯಲ್ಲಿ ಹಿಂಡಬೇಕು. ತಣ್ಣಗಾಗಲು ಬಿಟ್ಟರೆ ರಸ ಮತ್ತೆ ಮುದ್ದೆಗೇ ಸೇರಿಕೊಳ್ಳುತ್ತದೆ.

ಮನೆಯಲ್ಲಿ ಇಷ್ಟು ಸಾಹಸ ಬೇಡ, ಇಡ್ಲಿ ಪಾತ್ರೆ ಸಾಕು. ಬಲಿತ, ಆದರೆ ಹಳದಿಯಾಗದ 15 ದೊಡ್ಡ ಎಲೆ ತೆಗೆದುಕೊಳ್ಳಿ. ಚಿಗುರು ಬೇಡ. ತೊಳೆದು, ನೀರು ಪೂರ್ತಿ ಒರೆಸಿ, ನಡುವಿನ ದಪ್ಪ ನರ ಕಿತ್ತುಹಾಕಿ. ನೀರು ಕುದಿಯಲು ಶುರುವಾದ ಮೇಲೆ ಬಾಳೆಲೆಯಲ್ಲಿ ಮಡಚಿ ಒಳಗಿಟ್ಟು 8ರಿಂದ 10 ನಿಮಿಷ ಹಬೆಯಲ್ಲಿ ಬೇಯಿಸಿ. ಕಡು ಹಸಿರು ಹೋಗಿ ಮಾಸಲು ಹಸಿರಿಗೆ ತಿರುಗಬೇಕು, ಎಲೆ ಒದ್ದೆ ಬಟ್ಟೆಯ ಹಾಗೆ ಜೋಲಬೇಕು. ಅದೇ ಹದ. ಕೈ ತಾಳುವಷ್ಟು ಬಿಸಿ ಇರುವಾಗಲೇ ಒರಳಲ್ಲಿ ಒಂದೆರಡು ನಿಮಿಷ ಜಜ್ಜಿ, ಹತ್ತಿ ಬಟ್ಟೆಯಲ್ಲಿ ಹಾಕಿ ತಿರುಚಿ ಹಿಂಡಿ. ಸುಮಾರು ಎರಡು ಟೀ ಚಮಚ ದಟ್ಟ, ಅಂಟಂಟು ರಸ ಸಿಗಬೇಕು. ಸಿಗದಿದ್ದರೆ ಬೇಯುವುದು ಸಾಲಲಿಲ್ಲ ಅಥವಾ ಎಲೆ ಕಿತ್ತು ದಿನವಾಗಿದೆ. ಹೆಚ್ಚು ತೆಳ್ಳಗೆ ಬಂದರೆ ಹಬೆಯ ನೀರು ಬಾಳೆಲೆಯ ಮಡಿಕೆಯೊಳಗೆ ಇಳಿದಿದೆ.

ಆಯುರ್ವೇದದ ಅಧಿಕೃತ ಪಟ್ಟಿಯಲ್ಲಿ ದೊಡ್ಡವರಿಗೆ ದಿನಕ್ಕೆ ಹೇಳುವುದು 10ರಿಂದ 20 ಮಿ.ಲೀ. ಸ್ವರಸ. ಮೊದಲ ಸಲ ಅದರ ಅರ್ಧಕ್ಕಿಂತ ಹೆಚ್ಚು ಮುಟ್ಟಬೇಡಿ ಎನ್ನುವುದು ನನ್ನ ಮಾತು. ಜೇನುತುಪ್ಪದಲ್ಲಿ ಕಲಸುವುದು ರೂಢಿ. ಹೊಟ್ಟೆ ತೊಳಸಿದರೆ, ವಾಂತಿ ಬಂದಂತಾದರೆ, ಭೇದಿಯಾದರೆ ಅಳತೆ ಮೀರಿದೆ ಎಂದರ್ಥ, ನಿಲ್ಲಿಸಿ. ರಸವನ್ನು ಅಂದೇ ಮುಗಿಸಿ, ಮಿಕ್ಕಿದ್ದು ಚೆಲ್ಲಿ. ಫ್ರಿಜ್ಜಿನಲ್ಲಿಟ್ಟು ವಾರಗಟ್ಟಲೆ ಕುಡಿಯುವ ವಸ್ತು ಅಲ್ಲ.

ಒಣ ಎಲೆಯಾದರೆ ಕಷಾಯ. ಒಂದು ಪಾಲು ಎಲೆಗೆ ಹದಿನಾರು ಪಾಲು ನೀರು, ಸಣ್ಣ ಉರಿಯಲ್ಲಿ ಎಂಟನೇ ಒಂದಕ್ಕೆ ಇಳಿಸುವುದು ಹಳೆಯ ಲೆಕ್ಕ. 10 ಗ್ರಾಂ ಎಲೆ, 160 ಮಿ.ಲೀ. ನೀರು, ಉಳಿಯಬೇಕಾದ್ದು 20 ಮಿ.ಲೀ. ಮುಚ್ಚಳ ಹಾಕದೆ ಕುದಿಸಿ, ಇಲ್ಲದಿದ್ದರೆ ನೀರು ಇಳಿಯುವುದೇ ಇಲ್ಲ. ಎಲೆ ಒಣಗಿಸುವಾಗ ನೆರಳು, ಗಾಳಿ, ತೆಳುವಾದ ಹರವು ಇರಬೇಕು. ರಾಶಿ ಹಾಕಿದರೆ ಒಳಗೇ ಬಿಸಿಯೇರಿ ಎಲೆ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮಡಚಿದರೆ ಪಟ್ಟನೆ ಮುರಿಯುವ ಎಲೆಯನ್ನಷ್ಟೇ ಡಬ್ಬಿಗೆ ತುಂಬಿ.

ಇಷ್ಟು ಎಚ್ಚರಿಕೆ ಯಾಕೆ ಎಂದರೆ, ಇದು ನಿರಪಾಯದ ಸೊಪ್ಪಲ್ಲ. ಎಲೆಯಲ್ಲಿರುವ ಮುಖ್ಯ ಸಸ್ಯಕ್ಷಾರ (ಆಲ್ಕಲಾಯ್ಡ್) ವಾಸಿಸಿನ್. ಅದನ್ನು 1888ರಲ್ಲಿ ಬೇರ್ಪಡಿಸಿ ಹೆಸರಿಟ್ಟವರು ಡೇವಿಡ್ ಹೂಪರ್ ಎಂಬ ರಸಾಯನಜ್ಞ. ಈಗ ಕಫ ತೆಳುಮಾಡಲು ಬಳಸುವ ಬ್ರೋಮ್‌ಹೆಕ್ಸಿನ್ ಔಷಧಿ ಹುಟ್ಟಿದ್ದು ಈ ವಾಸಿಸಿನ್ ಅಣುವಿನ ಜಾಡು ಹಿಡಿದು. ಆಂಬ್ರಾಕ್ಸಾಲ್ ಅದರ ಮುಂದಿನ ಪೀಳಿಗೆ. ಗಾಳಿ ಬೆಳಕು ತಾಗಿದರೆ ವಾಸಿಸಿನ್ ನಿಧಾನಕ್ಕೆ ವಾಸಿಸಿನೋನ್ ಆಗುತ್ತದೆ. ಹಾಗಾಗಿ ಹಸಿ ಎಲೆಗೂ ಹಳೆಯ ಒಣ ಎಲೆಗೂ ಗುಣ ಒಂದೇ ಅಲ್ಲ.

ಅದೇ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಈ ಗುಣದ ಬಗ್ಗೆಯೇ ಕೆಲಸ ನಡೆದಿತ್ತು. ಹೆರಿಗೆ ಸುಲಭವಾಗಲಿ ಎಂದು ಬೇರನ್ನು ಅರೆದು ಹೊಕ್ಕುಳಿನ ಸುತ್ತ ಹಚ್ಚುವ ಹಳೆಯ ಪದ್ಧತಿಯೂ ಇದೆ. ಬಸುರಿಯರು ಇದನ್ನು ಯಾವ ರೂಪದಲ್ಲೂ ತೆಗೆದುಕೊಳ್ಳಬಾರದು, ಗರ್ಭ ನಿಂತಿರಬಹುದು ಎಂಬ ಅನುಮಾನ ಇರುವವರೂ ಸಹ. ಮಕ್ಕಳಿಗೆ ಮನೆಯ ಅಂದಾಜಿನಲ್ಲಿ ಕೊಡಬೇಡಿ. ವರ್ಷ ತುಂಬದ ಕೂಸಿಗಂತೂ ಜೇನುತುಪ್ಪವೇ ವರ್ಜ್ಯ.

ವಾಸಾ (ಸಂಸ್ಕೃತದಲ್ಲಿ ಆಡುಸೋಗೆಯ ಹೆಸರು) ಇರುವಾಗ, ಬದುಕುವ ಆಸೆಯೂ ಇರುವಾಗ, ಕೆಮ್ಮಿನವನು, ಕ್ಷಯದವನು, ರಕ್ತಪಿತ್ತದವನು, ಅಂದರೆ ರಕ್ತಸ್ರಾವದ ಕಾಯಿಲೆಯವನು, ಯಾಕೆ ಕೊರಗಬೇಕು ಎಂದು ಕೇಳುವ ಶ್ಲೋಕವೊಂದು ವೈದ್ಯರ ಬಾಯಲ್ಲಿ ಓಡಾಡುತ್ತದೆ. ಶ್ಲೋಕ ಚೆನ್ನಾಗಿದೆ, ಅದನ್ನು ನಂಬಿ ಕೂರುವುದು ಚೆನ್ನಲ್ಲ. ಕೆಮ್ಮು ಎರಡು ವಾರ ದಾಟಿದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧಿ ಎರಡೂ ಉಚಿತ. ಆಡುಸೋಗೆ ಕ್ಷಯದ ಚಿಕಿತ್ಸೆ ಅಲ್ಲ. ಒಣ ಎಲೆಯನ್ನು ಬೀಡಿಯಂತೆ ಸುತ್ತಿ ದಮ್ಮಿಗೆ ಸೇದುವ ಕ್ರಮವೂ ಇತ್ತು, ಕೆಲವೊಮ್ಮೆ ಉಮ್ಮತ್ತಿ ಎಲೆ ಸೇರಿಸಿ. ಅದನ್ನು ಪ್ರಯತ್ನಿಸಲೇಬೇಡಿ. ಉಮ್ಮತ್ತಿ ವಿಷ, ಹೊಗೆ ದಮ್ಮಿಗೆ ಶತ್ರು.

ಔಷಧಿಗಿಂತ ಈ ಗಿಡ ತೋಟಕ್ಕೆ ಹೆಚ್ಚು ಉಪಕಾರಿ ಎಂದು ನನಗನ್ನಿಸುತ್ತದೆ. ದನ ತಿನ್ನದ ಕಾರಣ ಬೇಲಿಯಲ್ಲಿ ಉಳಿಯುತ್ತದೆ, ಬೇಲಿಯಿಂದ ಕಡಿದ ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರವಾಗುತ್ತದೆ. ನಾಟಿಗೆ ಎರಡು ಮೂರು ವಾರ ಮೊದಲು ತುಳಿದು ಮಣ್ಣಿಗೆ ಸೇರಿಸಬೇಕು, ಬಲಿತ ಕಡ್ಡಿ ಬೇರ್ಪಡಿಸಿ. ಅದು ಕೊಳೆಯುವುದು ನಿಧಾನ. ಬೇವು, ಎಕ್ಕ, ಲಕ್ಕಿಯ ಜೊತೆ ಕೊಳೆಸಿ ಕೀಟಗಳಿಗೆ ಸಿಂಪಡಿಸುವ ಕಷಾಯಕ್ಕೂ ಹಾಕುತ್ತಾರೆ. ಹಣ್ಣು ಜೋಡಿಸಿಡುವಾಗ ನಡುವೆ ಈ ಎಲೆ ಹಾಸುವುದುಂಟು. ಎಲೆ ಕುದಿಸಿದ ನೀರಿನಲ್ಲಿ, ಬಣ್ಣ ಹಿಡಿಯಲೆಂದು ಮೊದಲು ಪಟಕದ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆ ತಿಳಿ ಹಳದಿಗೆ ತಿರುಗುತ್ತದೆ. ಹಿಮಾಚಲದ ಕೆಳಗುಡ್ಡಗಳಲ್ಲಿ ಹೂವನ್ನು ಬೇಯಿಸಿ, ಕಹಿ ನೀರು ಬಸಿದು ಪಲ್ಯ ಮಾಡುತ್ತಾರೆ.

ಒಂದು ಮಾತ್ರ ನೆನಪಿಡಿ, ಇದರಲ್ಲಿ ಮುಳ್ಳಿಲ್ಲ. ಆಡು ತಿನ್ನುವುದಿಲ್ಲ, ಆದರೆ ನಡುವೆ ನುಸುಳಿ ಒಳಗಿನ ಬೆಳೆ ತಿನ್ನುತ್ತದೆ. ಬೇಲಿಯೇ ಗುರಿಯಾದರೆ ಕತ್ತಾಳೆಯ ಸಾಲಿನ ಜೊತೆ ನೆಡಿ.

ಕಡ್ಡಿ ಒಣಗುವುದಕ್ಕೆ ಬಹುಪಾಲು ಎರಡೇ ಕಾರಣ: ತೀರ ಎಳೆಯ ತುದಿ ನೆಟ್ಟಿರುತ್ತೀರಿ ಅಥವಾ ತಲೆಕೆಳಗೆ ನೆಟ್ಟಿರುತ್ತೀರಿ. ಪೆನ್ಸಿಲ್ ದಪ್ಪದ, ಹಸಿರು ಹೋಗಿ ಬೂದು ಬಣ್ಣಕ್ಕೆ ತಿರುಗುತ್ತಿರುವ ರೆಂಬೆಯನ್ನು 15ರಿಂದ 20 ಸೆಂ.ಮೀ. ಉದ್ದಕ್ಕೆ, ಮೂರು ನಾಲ್ಕು ಗಿಣ್ಣು ಬರುವಂತೆ ಕತ್ತರಿಸಿ. ಕೆಳಗಿನ ತುದಿಯನ್ನು ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಮೇಲಿನದನ್ನು ನೇರವಾಗಿ ಕತ್ತರಿಸಿದರೆ ಯಾವುದು ಬುಡ ಎಂಬ ಗೊಂದಲ ಬರುವುದಿಲ್ಲ. ಗುರುತು ತಪ್ಪಿಹೋಗಿದ್ದರೆ ಗಿಣ್ಣು ನೋಡಿ: ಎಲೆ ಉದುರಿದ ಕಲೆಯ ಮೇಲ್ಗಡೆ ಮೊಗ್ಗು ಇರುತ್ತದೆ, ಮೊಗ್ಗು ಇರುವ ಕಡೆ ಮೇಲೆ. ಎಲೆಗಳನ್ನೆಲ್ಲ ತೆಗೆದು ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ ಸುತ್ತ ಗಟ್ಟಿಯಾಗಿ ಒತ್ತಿ. ಮುಂಗಾರು ಹಿಡಿದ ಮೇಲಿನ ಜೂನ್, ಜುಲೈ ಒಳ್ಳೆಯ ಹೊತ್ತು, ಆದರೆ ನೀರು ನಿಲ್ಲುವ ಕಡೆ ಬೇಡ. ಬುಡ ಕಪ್ಪಾಗಿ ಕೊಳೆಯುತ್ತದೆ. ಚಿಗುರು ಕಂಡ ತಕ್ಷಣ ಎತ್ತಿ ಬೇರೆಡೆ ನೆಡಬೇಡಿ. ಕಡ್ಡಿಯಲ್ಲಿದ್ದ ಸತ್ವದಿಂದಲೇ ಮೊದಲ ಚಿಗುರು ಬರುತ್ತದೆ, ಬೇರು ಆಮೇಲೆ. ಎರಡು ತಿಂಗಳು ಬಿಡಿ.

ಬೇಲಿಗೆ ಒಂದು ಅಡಿಗೊಂದರಂತೆ, ಎಲೆಗಾಗಿ ಬೆಳೆಸುವುದಾದರೆ ಎರಡರಿಂದ ಮೂರು ಅಡಿಗೊಂದರಂತೆ ನೆಡಿ. ಮೊದಲ ವರ್ಷ ಎಲೆ ಕೀಳಬೇಡಿ. ಆಮೇಲೆ ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ನೆಲದಿಂದ ಒಂದು ಅಡಿ ಬಿಟ್ಟು ಸವರಿ. ಸವರದೆ ಬಿಟ್ಟ ಆಡುಸೋಗೆ ಬುಡದಲ್ಲಿ ಬೋಳಾಗಿ ತುದಿಯಲ್ಲಷ್ಟೇ ಎಲೆ ಇಟ್ಟುಕೊಳ್ಳುತ್ತದೆ, ಆಗ ಎಲೆ ಕೊಯ್ಯಲು ಏಣಿ ಹುಡುಕಬೇಕು.